ಅತ್ತೆಯ ಕಡೆಯುವ ಕಲ್ಲು ದೇವರಾದದ್ದು

ಅರವತ್ತೆಂಟರಲ್ಲಿ ಮದುವೆಯಾಗಿ ನಾನು ಮುಂಬಯಿಗೆ ಬಂದಾಗ ಜೋಗೇಶ್ವರಿಯ ಚಾಳಿನಲ್ಲಿ ನಮಗಿದ್ದದ್ದು ಮೊದಲ ಮಾಳಿಗೆಯ ಒಂದೇ ಕೋಣೆ. ಅದರಲ್ಲಿ ನನ್ನ ಗಂಡ, ಅತ್ತೆ, ನಾನು ಮತ್ತು ಒಂದು ಕಡೆಯುವ ಕಲ್ಲು. ಘಟ್ಟದ ಮೇಲಿನವರು ರುಬ್ಬುವ ಕಲ್ಲು ಎನ್ನುತ್ತಾರಲ್ಲ, ಅದೇ. ಉಡುಪಿ ಕಡೆಯ ನಮಗೆ ಅದು ಕಡೆಯುವ ಕಲ್ಲು. ನಡುವೆ ಗುಳಿಯಿರುವ ದಪ್ಪ ಕಲ್ಲು, ಗುಳಿಯಲ್ಲಿ ನೆಟ್ಟಗೆ ನಿಂತ ಗುಂಡು. ಒಬ್ಬರು ಗುಂಡು ತಿರುಗಿಸಬೇಕು, ಇನ್ನೊಬ್ಬರು ಮೇಲೆ ಬಂದ ಅಕ್ಕಿಯನ್ನು ಕೈಯಿಂದ ಗುಳಿಗೆ ನೂಕಬೇಕು.

ಅತ್ತೆಗೆ ಆ ಕಲ್ಲನ್ನು ಅವರ ಅಮ್ಮ ಮದುವೆಯಲ್ಲಿ ಕೊಟ್ಟದ್ದಂತೆ. ಮಾವ ತೀರಿಕೊಂಡು ಮನೆ ಮೈದುನರ ಪಾಲಾದ ಮೇಲೆ, ಮಗನ ಬಳಿಗೆ ಹೊರಟ ಅತ್ತೆ ಬೇರೇನೂ ಕೇಳದೆ ಕಲ್ಲನ್ನು ಮಾತ್ರ ಹಡಗಿಗೆ ಹಾಕಿಸಿಕೊಂಡು ಬಂದಿದ್ದರು. "ಈ ಮುಂಬಯಿಯಲ್ಲಿ ನನ್ನದು ಅಂತ ಇರುದು ಇದೊಂದೇ" ಎಂದು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು. ಹಾಗೆ ಹೇಳುವಾಗ ಮಗ ಎದುರಿಗೇ ಕೂತು ಊಟ ಮಾಡುತ್ತಿರುತ್ತಿದ್ದರು.

ಅಂಧೇರಿಯ ಎರಡು ಉಡುಪಿ ಹೋಟೆಲುಗಳಿಗೆ ನಾವು ಇಡ್ಲಿ ದೋಸೆಯ ಹಿಟ್ಟು ಕಡೆದು ಕೊಡುತ್ತಿದ್ದೆವು. ಅದರಲ್ಲಿ ಒಂದರಲ್ಲಿ ನನ್ನ ಗಂಡ ದೋಸೆ ಹಾಕುತ್ತಿದ್ದರು. ಮಧ್ಯಾಹ್ನ ಊಟವಾಗಿ ಕೂತರೆ ದೀಪ ಹಚ್ಚುವವರೆಗೆ ಕಲ್ಲು ಗಡಗಡ ಎನ್ನುತ್ತಿತ್ತು. ತಿರುಗಿಸುವ ಕೆಲಸ ಸೊಸೆಯದು, ನೂಕುವ ಕೆಲಸ ಅತ್ತೆಯದು. ಮದುವೆಯಾಗಿ ಆರು ತಿಂಗಳೊಳಗೆ ನನ್ನ ಬಲದ ತೋಳು ಹೆಗಲಿನವರೆಗೆ ನೋಯತೊಡಗಿತು. ನಾನು ಹೇಳಲಿಲ್ಲ. ಅರವತ್ತರ ಹತ್ತಿರದ ಹೆಂಗಸು ನಲವತ್ತು ವರ್ಷ ತಿರುಗಿಸಿದ ಕಲ್ಲನ್ನು ಇಪ್ಪತ್ತೊಂದರ ನಾನು ತಿರುಗಿಸಲಾರೆ ಎನ್ನುವುದು ಹೇಗೆ? ಒಳಗೊಳಗೇ ಆ ಕಲ್ಲನ್ನು ಶಪಿಸುತ್ತಿದ್ದೆ. ಅತ್ತೆಯನ್ನು ಶಪಿಸಲು ಧೈರ್ಯವಿರಲಿಲ್ಲ.

ಒಂದು ದಿನ ಕೆಳಗಿನ ಮನೆಯವರು ಊಟದ ತಟ್ಟೆ ಹಿಡಿದುಕೊಂಡೇ ಮೇಲೆ ಬಂದರು. ತಟ್ಟೆಯಲ್ಲಿ ದಾಲ್, ದಾಲಿನಲ್ಲಿ ನಮ್ಮ ನೆಲದಡಿಯಿಂದ ಉದುರಿದ ಗಾರೆ. ಅವರು ಸಭ್ಯರು, ಒಂದು ಮಾತೂ ಆಡದೆ ತಟ್ಟೆಯನ್ನು ನಮ್ಮ ಹೊಸ್ತಿಲಲ್ಲಿಟ್ಟು ಇಳಿದು ಹೋದರು. ಮರುದಿನ ಚಾಳಿನ ಮಾಲೀಕರ ಕಡೆಯವನು ಬಂದು, ಈ ಕೋಣೆಯಲ್ಲಿ ಕಲ್ಲಿರಬೇಕು, ಇಲ್ಲವೇ ನೀವಿರಬೇಕು ಎಂದ. ಅತ್ತೆ ಎರಡರಲ್ಲಿ ಯಾವುದೆಂದು ತುಸು ಹೊತ್ತು ಯೋಚಿಸಿದರು.

ಚಾಳಿನ ಹಿಂದೆ ಹತ್ತು ನಿಮಿಷ ನಡೆದರೆ ಒಂದು ಸಣ್ಣ ಗುಡ್ಡ, ಅದರ ಬದಿಯಲ್ಲಿ ಬಂಡೆ ಕೊರೆದು ಮಾಡಿದ ಒಂದು ಹಳೆಯ ಗುಹೆ. ಎಲ್ಲರಿಗೂ ಗೊತ್ತಿರುವ ದೊಡ್ಡ ಗುಹೆಗಳಲ್ಲಿ ಅದು ಸೇರಿದ್ದಲ್ಲ. ಅದರ ಹೆಸರನ್ನೂ ಇಬ್ಬರು ಒಂದೇ ರೀತಿ ಹೇಳುತ್ತಿರಲಿಲ್ಲ. ಯಾವ ಕಾಲದಲ್ಲೋ ಅದು ಶಿವನ ಗುಡಿಯಾಗಿತ್ತಂತೆ. ಆಮೇಲೆ ಪಾದ್ರಿಗಳು ಬಂದು ಇಗರ್ಜಿ ಮಾಡಿದರಂತೆ. ಒಂದು ಕಂಬದಲ್ಲಿ ಕೆತ್ತಿದ ಶಿಲುಬೆ ನಾನು ನೋಡುವಾಗಲೂ ಇತ್ತು, ಆ ಕಂಬದಿಂದ ಈ ಕಂಬಕ್ಕೆ ಹಗ್ಗ ಕಟ್ಟಿ ಯಾರೋ ಧೋತಿ ಒಣಹಾಕಿದ್ದರು. ಯುದ್ಧದ ಕಾಲದಲ್ಲಿ ಸಿಪಾಯಿಗಳು ಅಲ್ಲಿ ಸಾಮಾನು ತುಂಬಿಟ್ಟಿದ್ದರಂತೆ. ನಮ್ಮ ಕಾಲಕ್ಕೆ ಮಳೆ ಬಂದಾಗ ಪಕ್ಕದ ತಬೇಲೆಯ ಎಮ್ಮೆಗಳು, ಉಳಿದ ದಿನ ಒಬ್ಬ ಬಡಗಿಯ ಕಾಲು ಮುರಿದ ಕುರ್ಚಿಗಳು, ಸಂಜೆ ಇಸ್ಪೀಟಿನವರು. ದೇವರೊಬ್ಬನನ್ನು ಬಿಟ್ಟು ಉಳಿದೆಲ್ಲರಿಗೂ ಅಲ್ಲಿ ಜಾಗವಿತ್ತು. ಹಾಗಾದರೆ ನಮಗೂ ಇರಲಿ ಎಂದು ಅತ್ತೆ ತೀರ್ಮಾನಿಸಿದರು.

ಕಲ್ಲನ್ನು ಹೊತ್ತು ಗುಡ್ಡ ಹತ್ತಿಸಿದವನು ಬಾಗಲಕೋಟೆ ಕಡೆಯ ಒಬ್ಬ ಮೇಸ್ತ್ರಿ. ಅಲ್ಲೇ ಹತ್ತಿರ ಬಿಲ್ಡಿಂಗ್ ಕಟ್ಟುವ ಕೆಲಸದಲ್ಲಿದ್ದ. ಹುಟ್ಟಿನಿಂದ ಕಲ್ಲು ಕೆಲಸದ ಮನೆತನ. ನಮ್ಮ ಕಲ್ಲು ಸವೆದು ನುಣ್ಣಗಾದಾಗ ಉಳಿಯಿಂದ ಹೊಡೆದು ಮತ್ತೆ ಒರಟು ಮಾಡಿಕೊಡುತ್ತಿದ್ದವನೂ ಅವನೇ. ಗುಹೆಯ ಒಳಗಿನ ಕೋಣೆಯ ನೆಲದಲ್ಲಿ, ಸರಿಯಾಗಿ ನಡುವೆ, ಒಂದು ಚೌಕ ತಗ್ಗಿತ್ತು. ಅಲ್ಲಿ ಮೊದಲು ಏನಿತ್ತು, ಯಾರು ಕಿತ್ತರು ಎಂದು ನಾವು ಕೇಳಲಿಲ್ಲ. ಕಡೆಯುವವರಿಗೆ ಬೇಕಾದದ್ದು ಅಲ್ಲಾಡದ ಕಲ್ಲು. ತಗ್ಗಿಗೆ ಇಳಿಸಿದರೆ ಅದು ಅಳತೆ ಕೊಟ್ಟು ಮಾಡಿಸಿದಂತೆ ಕೂತುಬಿಟ್ಟಿತು. "ಊರಿನಲ್ಲಿಯೂ ಇಷ್ಟು ಗಟ್ಟಿ ಕೂತಿರ್ಲಿಲ್ಲ" ಎಂದು ಅತ್ತೆ ಗುಂಡನ್ನು ಎರಡು ಸುತ್ತು ತಿರುಗಿಸಿ ನೋಡಿದರು. ಮೇಸ್ತ್ರಿ ಮಾತ್ರ ತಗ್ಗನ್ನೂ ಕಲ್ಲನ್ನೂ ಒಮ್ಮೆ ನೋಡಿ ತಲೆಯ ಸಿಂಬಿ ಬಿಚ್ಚಿದ.

ಒಂದು ವರ್ಷ ಸುಖವಾಗಿ ನಡೆಯಿತು. ಸುಖ ಎಂದರೆ ಅತ್ತೆಗೆ. ನನಗೆ ಅದೇ ತೋಳು, ಅದೇ ಕಲ್ಲು, ಮೇಲಿಂದ ಎಮ್ಮೆಯ ಸೆಗಣಿ ವಾಸನೆ.

ಹೀಗಿರುವಾಗ ನವರಾತ್ರಿ ಬಂತು. ಆಯುಧಪೂಜೆಯ ದಿನ ಅನ್ನ ಕೊಡುವ ವಸ್ತುವನ್ನು ತೊಳೆದು ಪೂಜೆ ಮಾಡಿ, ವಿಜಯದಶಮಿ ಕಳೆಯುವವರೆಗೆ ಮುಟ್ಟದೆ ಬಿಡಬೇಕು. ಬಸ್ಸಿನವರಿಗೆ ಬಸ್ಸು, ಮಿಲ್ಲಿನವರಿಗೆ ಮಗ್ಗ, ನಮಗೆ ಕಲ್ಲು. ಅತ್ತೆ ಅದನ್ನು ಉಜ್ಜಿ ತೊಳೆದು, ಗುಂಡಿಗೆ ಗಂಧ ಬಳಿದು ಮೂರು ಬೆರಳಿನಿಂದ ಅಡ್ಡ ಎಳೆದರು, ಕುಂಕುಮ ಇಟ್ಟರು, ದಾಸವಾಳ ಏರಿಸಿದರು, ಎಣ್ಣೆಯ ದೀಪ ಹಚ್ಚಿಟ್ಟರು. ತಿರುಗಿ ನೋಡಿ ಚಂದ ಕಾಣ್ತದೆ ಎಂದರು. ನಾವು ಮನೆಗೆ ಬಂದೆವು. ಎರಡು ದಿನ ಕಲ್ಲು ಮುಟ್ಟುವಂತಿಲ್ಲವಲ್ಲ ಎಂದು ಆ ಎರಡು ದಿನ ನನ್ನಷ್ಟು ಸುಖಿ ಜೋಗೇಶ್ವರಿಯಲ್ಲಿ ಇರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ನೆನೆಸಿದ ಅಕ್ಕಿಯ ಕೊಳಗ ಹೊತ್ತುಕೊಂಡು ಹೋದರೆ ಗುಹೆಯ ಬಾಗಿಲಲ್ಲಿ ಚಪ್ಪಲಿಗಳು. ಇಪ್ಪತ್ತು ಜೊತೆಯಾದರೂ ಇದ್ದವು. ಒಳಗೆ ಊದಿನಕಡ್ಡಿಯ ಹೊಗೆ, ನೆಲ ತೊಳೆದಿದೆ, ಎಮ್ಮೆಗಳಿಲ್ಲ, ಕುರ್ಚಿಗಳನ್ನು ಸಾಲಾಗಿ ಗೋಡೆಗೆ ಒರಗಿಸಿದ್ದಾರೆ. ನಮ್ಮ ಕಲ್ಲಿನ ತುಂಬ ಬಿಲ್ವಪತ್ರೆ, ಗುಳಿಯ ತುಂಬ ಹಾಲು. ಸುತ್ತಲೂ ಜನ ಕಣ್ಣು ಮುಚ್ಚಿ ಕೂತಿದ್ದಾರೆ. ಎಷ್ಟೋ ತಲೆಮಾರಿನಿಂದ ಖಾಲಿಯಿದ್ದ ಪೀಠದಲ್ಲಿ ದಸರೆಯ ದಿನ ಈಶ್ವರ ತಾನಾಗಿ ಎದ್ದು ಬಂದಿದ್ದಾನೆಂದು ಸುದ್ದಿಯಾಗಿತ್ತು. ಒಂದು ವರ್ಷ ಅದೇ ಕಲ್ಲಿನ ಪಕ್ಕ ಕೂತು ಇಸ್ಪೀಟು ಆಡಿದವರೇ ಆ ಸುದ್ದಿಯನ್ನು ಹಬ್ಬಿಸಿದ್ದರು.

ಅತ್ತೆ ಕೊಳಗ ಇಳಿಸಿ, ನೇರ ಹೋಗಿ ಗುಂಡಿನ ತಲೆಯ ಮೇಲೆ ಪಟಪಟ ಬಡಿದು, "ಇದು ನನ್ನ ಕಲ್ಲು. ನನ್ನ ಅಮ್ಮ ಕೊಟ್ಟದ್ದು. ಎಲ್ಲರೂ ಏಳಿ" ಎಂದರು. ಅತ್ತೆಗೆ ಕನ್ನಡ ತುಳು ಬಿಟ್ಟರೆ ಬೇರೆ ಮಾತಿಲ್ಲ. ಅಲ್ಲಿದ್ದವರಿಗೆ ಆ ಎರಡೂ ಇಲ್ಲ. ದೇವರ ಮೇಲೆ ಇಷ್ಟು ಸಲಿಗೆಯಿರುವ ಮುದುಕಿಯನ್ನು ಅವರು ಕಂಡಿರಲಿಲ್ಲ. ಇಬ್ಬರು ಹೆಂಗಸರು ಎದ್ದು ಬಂದು ಅತ್ತೆಯ ಕಾಲು ಮುಟ್ಟಿದರು.

ಮೇಸ್ತ್ರಿಯೂ ಅಲ್ಲೇ ಇದ್ದ, ಅದೂ ಮುಂದಿನ ಸಾಲಿನಲ್ಲಿ, ಹಣೆಗೆ ವಿಭೂತಿ ಬಳಿದುಕೊಂಡು. ಅವನನ್ನು ಕಂಡು ಅತ್ತೆಗೆ ಹೋದ ಜೀವ ಬಂದಂತಾಯಿತು.

"ನೀನಾದ್ರೂ ಇವರಿಗೆ ಹೇಳು ಮಾರಾಯ" ಎಂದರು.

"ಸಾವಕಾಶ ಮಾತಾಡ್ರಿ ಅಮ್ಮಾರ. ದೇವ್ರ ಮುಂದ ಸಿಟ್ಟ ಮಾಡಬಾರ್ದು."

"ಯಾವ ದೇವರು? ಹೋದ ತಿಂಗಳು ಇದಕ್ಕೆ ಉಳಿ ಹೊಡೆದದ್ದು ಯಾರು?"

"ನಾನ ಹೊಡದೇನ್ರಿ. ಇಲ್ಲ ಅಂದೇನೇನು? ನಮ್ಮೂರಾಗ ಹನುಮಪ್ಪನ್ನ ಕಡದಾವ್ರೂ ನಮ್ಮ ಮಂದಿನ. ಕಡಿಯೂತನಾ ಅದು ಕಲ್ಲು. ಕೂಡಿಸಿ ಹೂವ ಏರಿಸಿದ ಮ್ಯಾಲ ನಮ್ಮಪ್ಪನೂ ಅದಕ್ಕ ಅಡ್ಡ ಬೀಳ್ತಿದ್ದ. ಇಲ್ಲಿ ಹೂವ ಏರಿಸಿದಾಕಿ ನೀವ ಅಲ್ರಿ?"

ಅತ್ತೆ ಇಳಿಸಿದ ಕೊಳಗವನ್ನು ಮತ್ತೆ ಎತ್ತಿಕೊಂಡರು. ನನಗೆ ಮಾತ್ರ ಎದೆಯೊಳಗೆ ಸಣ್ಣ ಆಸೆ ಹುಟ್ಟಿತು. ಕಲ್ಲು ಹೋದರೆ ಹೋಗಲಿ, ನನ್ನ ತೋಳು ಉಳಿದೀತು. ಆದರೆ ಮೇಸ್ತ್ರಿ ಬುದ್ಧಿವಂತ. ಹೋಟೆಲಿನ ಹಿಟ್ಟು ನಿಂತರೆ ನಮ್ಮ ಗತಿಯೇನೆಂದು ಅವನಿಗೂ ಗೊತ್ತು. "ದೇವ್ರಿಗೆ ಅಕ್ಕಿ ಅಭಿಷೇಕ ಮಾಡ್ರಿ. ನೀರ ಹಾಕ್ರಿ, ಉದ್ದಿನ ಬ್ಯಾಳಿ ಹಾಕ್ರಿ, ತಿರುವ್ರಿ. ಹಿಟ್ಟ ನೀವ ಒಯ್ರಿ. ಯಾರ ಬ್ಯಾಡ ಅಂತಾರ?" ಎಂದ. ಆಮೇಲೆ ಜನರ ಕಡೆ ತಿರುಗಿ, ದಕ್ಷಿಣದಲ್ಲಿ ಶಿವನಿಗೆ ಹೀಗೊಂದು ದೊಡ್ಡ ಸೇವೆ ಉಂಟು, ಲಿಂಗವನ್ನೇ ತಿರುಗಿಸುತ್ತಾರೆ, ಇವರು ಅದನ್ನು ಬಲ್ಲ ಮನೆತನದವರು ಎಂದು ಮರಾಠಿಯಲ್ಲಿ ವಿವರಿಸಿದ. ದಕ್ಷಿಣದವರು ಏನು ಮಾಡಿದರೂ ಮಾಡಬಹುದು ಎಂದು ಆ ಜನ ಮೊದಲೇ ನಂಬಿದ್ದರು.

ಅಂದಿನಿಂದ ನಮ್ಮ ಹಿಟ್ಟು ಕಡೆಯುವುದಕ್ಕೆ ಪ್ರೇಕ್ಷಕರು ಬಂದರು. ಗುಂಡು ಒಂದು ಸುತ್ತು ತಿರುಗಿದರೆ ಒಬ್ಬ ಗಂಟೆ ಹೊಡೆಯುತ್ತಿದ್ದ. ನಾನು ಬೇಗ ತಿರುಗಿಸಿದರೆ ಅವನೂ ಬೇಗ, ನಾನು ದಣಿದರೆ ಅವನೂ ದಣಿಯುತ್ತಿದ್ದ. ಕಲ್ಲು ತೊಳೆದ ನೀರನ್ನು ತೀರ್ಥವೆಂದು ಹಂಚಿದರು. ಗುಡಿಗೊಂದು ಸಮಿತಿಯಾಗಿ ತಬೇಲೆಯವನು ಅದರ ಅಧ್ಯಕ್ಷನಾದ, ಇಸ್ಪೀಟಿನವರು ಸದಸ್ಯರಾದರು, ಬಡಗಿಯ ಕುರ್ಚಿಗಳಿಗೆ ಕಾಲು ಬಂತು. ಒಂದು ವರ್ಷ ಆ ನೆಲದಲ್ಲಿ ಎಮ್ಮೆ ಕಟ್ಟಿದವರು ಈಗ ನಮ್ಮನ್ನು ತಡೆದು ಸ್ನಾನವಾಗಿದೆಯೇ ಎಂದು ಕೇಳುತ್ತಿದ್ದರು. ಬದುಕಿಡೀ ಇನ್ನೊಬ್ಬರಿಗೆ ಮಡಿ ಹೇಳಿದ ಅತ್ತೆ ಮಡಿಯ ವಿಷಯದಲ್ಲಿ ಬೇರೆಯವರಿಗೆ ಉತ್ತರ ಕೊಡುವುದನ್ನು ನಾನು ಕಂಡದ್ದು ಅಲ್ಲಿ ಮಾತ್ರ. ಅದರಿಂದ ನನಗೆ ಸಂತೋಷವಾಯಿತೆಂದು ಹೇಳಲು ಈಗ ಸಂಕೋಚವಿಲ್ಲ.

ಹೋಟೆಲಿನವರು ಚಟ್ನಿಯನ್ನೂ ಅರೆದು ಕೊಡಿ ಎಂದಾಗ ಸಮಿತಿ ಮೂರು ದಿನ ಚರ್ಚಿಸಿತು. ಅಕ್ಕಿ, ಉದ್ದು, ತೆಂಗಿನಕಾಯಿ ಆಗಬಹುದು, ಹಸಿಮೆಣಸು ಕೂಡದು, ದೇವರಿಗೆ ಉರಿಯಾಗುತ್ತದೆ ಎಂದು ತೀರ್ಮಾನವಾಯಿತು. ಸೋಮವಾರ ಜನ ಹೆಚ್ಚು, ಆದ್ದರಿಂದ ಕಡೆಯುವಂತಿಲ್ಲ. ಹಾಗಾಗಿ ಅಂಧೇರಿಯ ಆ ಎರಡು ಹೋಟೆಲುಗಳಲ್ಲಿ ಮಂಗಳವಾರ ಇಡ್ಲಿಯಿಲ್ಲ. ಒಮ್ಮೆ ಗಿರಾಕಿಯೊಬ್ಬರ ಇಡ್ಲಿಯಲ್ಲಿ ಗೊಂಡೆಹೂವಿನ ಎಸಳು ಸಿಕ್ಕಿ ಗಲಾಟೆಯಾಯಿತು. ಹಿಟ್ಟು ಎಲ್ಲಿಂದ ಬರುತ್ತದೆಂದು ನನ್ನ ಗಂಡ ವಿವರಿಸಿದ ಮೇಲೆ ಅವರು ಅದೇ ಎಸಳನ್ನು ಕಿವಿಗೆ ಸಿಕ್ಕಿಸಿಕೊಂಡು ಇನ್ನೊಂದು ಪ್ಲೇಟ್ ತರಿಸಿದರಂತೆ.

ನನ್ನ ಅವಸ್ಥೆ ಮಾತ್ರ ಕೆಟ್ಟಿತು. ಅಷ್ಟು ಜನ ನೋಡುವಾಗ ನಡುವೆ ಕೈಬಿಟ್ಟು ತೋಳು ನೀವಿಕೊಳ್ಳುವಂತಿರಲಿಲ್ಲ. ಒಂದು ಮಧ್ಯಾಹ್ನ ನೋವು ತಡೆಯದೆ ತಿರುಗಿಸುತ್ತಲೇ ಕಣ್ಣೀರು ಬಂತು. ಎದುರಿಗಿದ್ದ ಹೆಂಗಸರು ಅದನ್ನು ಭಕ್ತಿಯೆಂದು ತಿಳಿದು ತಾವೂ ಅತ್ತರು. ಗಂಟೆಯವನೂ ಅತ್ತ. ಅತ್ತೆ ಮಾತ್ರ ತಲೆ ಎತ್ತದೆ ಅಕ್ಕಿ ನೂಕುತ್ತಿದ್ದರು. ಅವರ ಕಣ್ಣಿಗೆ ಹಿಟ್ಟು ಬಿಟ್ಟು ಬೇರೇನೂ ಕಾಣಿಸುವುದಿಲ್ಲ ಎಂದು ನಾನು ಸಿಟ್ಟಿನಲ್ಲಿ ಇನ್ನೂ ಜೋರಾಗಿ ತಿರುಗಿಸಿದೆ.

ಹೀಗೆ ಐದಾರು ವರ್ಷ. ಎಪ್ಪತ್ತೈದರ ಹೊತ್ತಿಗೆ ಹೋಟೆಲುಗಳೆರಡೂ ಕರೆಂಟಿನ ಗ್ರೈಂಡರ್ ತರಿಸಿದವು. ನಮ್ಮ ಹಿಟ್ಟು ಬೇಡವಾಯಿತು. ಅಷ್ಟರಲ್ಲಿ ನನ್ನ ಗಂಡನಿಗೆ ಹೋಟೆಲಿನಲ್ಲಿ ಒಳ್ಳೆಯ ಕೆಲಸವಾಗಿತ್ತು, ಹಿಟ್ಟಿಲ್ಲದೆಯೂ ಮನೆ ನಡೆಯುತ್ತಿತ್ತು. ಸುದ್ದಿ ಕೇಳಿದ ದಿನ ನಾನು ಒಬ್ಬಳೇ ಗುಹೆಗೆ ಹೋಗಿ, ಮೊದಲ ಸಲ, ಆ ಕಲ್ಲಿಗೆ ಮನಸಾರೆ ಕೈಮುಗಿದೆ.

ಆದರೆ ಅತ್ತೆಯ ಲೆಕ್ಕ ಬೇರೆ. ಕೆಳಗಿನ ಮನೆಯ ಸಭ್ಯರು ದಹಿಸರಿಗೆ ಹೋದರು, ಅವರ ಕೋಣೆಯನ್ನು ನಾವು ಹಿಡಿದೆವು. ಈಗ ನಮ್ಮ ಕೆಳಗೆ ಭೂಮಿಯೊಂದೇ. "ಇನ್ನು ಯಾರ ದಾಲಿಗೂ ಗಾರೆ ಬೀಳುದಿಲ್ಲ. ಕಲ್ಲು ಮನೆಗೆ ತರುವ. ಚಾಳಿನವರೆಲ್ಲ ದೋಸೆ ಹಿಟ್ಟು ಕೇಳ್ತಾ ಇದ್ದಾರೆ, ನಾವಿಬ್ಬರೂ ಕಡೆದು ಕೊಡುವ" ಎಂದರು. ನಾನು ಪಾತ್ರೆ ತೊಳೆಯುವ ನೆಪದಲ್ಲಿ ಎದ್ದು ಹೋದೆ. ಅವರಿಗೆ ಮಾತ್ರ ಅದು ಒಂದೇ ಹಂಬಲವಾಯಿತು. ಸಮಿತಿಯನ್ನು ಕೇಳಲು ವಾರಕ್ಕೆರಡು ಸಲ ಹೋಗುವರು. ಇದು ಶ್ರಾವಣ, ದೇವರು ಏಳುವಂತಿಲ್ಲ ಎಂದರು. ಆಮೇಲೆ ಚಾತುರ್ಮಾಸ ಎಂದರು. ಆಮೇಲೆ ಅಧ್ಯಕ್ಷರ ಎಮ್ಮೆ ಕರು ಹಾಕಿದ ಸೂತಕ ಎಂದರು. ಬರುಬರುತ್ತಾ ಅತ್ತೆ ಸೊರಗಿದರು. "ಸಾಯುದರೊಳಗೆ ನನ್ನ ಕಲ್ಲು ನನ್ನ ಮನೆಯಲ್ಲಿ ಇರಬೇಕು" ಎಂದು ಹೇಳುವಾಗ ಅವರ ಮುಖ ನೋಡಲಾಗುತ್ತಿರಲಿಲ್ಲ. ಆದರೂ ರಾತ್ರಿ ಮಲಗುವ ಮೊದಲು ನಾನು ಬೇಡಿಕೊಳ್ಳುತ್ತಿದ್ದದ್ದು ಆ ಕಲ್ಲು ಅಲ್ಲೇ ಇರಲೆಂದು.

ಮರುವರ್ಷ ಹಳೆಯ ಗುಡಿ ಗುಹೆಗಳನ್ನು ನೋಡಿಕೊಳ್ಳುವ ಆಫೀಸಿನಿಂದ ಒಬ್ಬ ಅಧಿಕಾರಿ ಬರುತ್ತಾರೆಂದು ತಿಳಿಯಿತು. ಹಳೆಯದನ್ನು ಉಳಿಸಿ ಹೊಸದನ್ನು ತೆಗೆಸುವುದು ಅವರ ಕೆಲಸ. ಹೊಸ ವಸ್ತು ಯಾರದೋ ಅವರು ಒಯ್ಯಬಹುದು. ಅತ್ತೆ ಆ ದಿನ ಬೆಳಿಗ್ಗೆಯೇ ಸ್ಟೇಷನ್ನಿನ ಬಳಿಯಿಂದ ಕೈಗಾಡಿಯವನನ್ನು ಕರೆಸಿ ಗುಡ್ಡದ ಬುಡದಲ್ಲಿ ನಿಲ್ಲಿಸಿದರು. ಕಲ್ಲಿನ ಕೆಳಗೆ ಹಾಸಲು ಗೋಣಿಚೀಲ, ಕಟ್ಟಲು ಹಗ್ಗ ಎಲ್ಲವನ್ನೂ ತಂದಿದ್ದರು. ಕಲ್ಲಿಡುವ ಮೂಲೆಯನ್ನು ಹಿಂದಿನ ದಿನವೇ ಸಾರಿಸಿಟ್ಟಿದ್ದರು.

ಅಧಿಕಾರಿ ಕನ್ನಡಕದವರು, ಒಳ್ಳೆಯ ಮನುಷ್ಯ. ಬಗ್ಗಿ ಕೂತು ಗುಂಡನ್ನೂ ಗುಳಿಯನ್ನೂ ಟಾರ್ಚು ಹಾಕಿ ನೋಡಿದರು. ಉಳಿಯ ಗುರುತುಗಳ ಮೇಲೆ ಬೆರಳಾಡಿಸಿ, ಇದು ದಕ್ಷಿಣದ ಕೆಲಸ, ಕೈ ಬಹಳ ಪಳಗಿದ್ದು ಎಂದು ಹಿಂದಿಯಲ್ಲಿ ಮೆಚ್ಚಿದರು. ಹಿಂದೆ ನಿಂತಿದ್ದ ಮೇಸ್ತ್ರಿ ಮೀಸೆ ಮುಟ್ಟಿಕೊಂಡ. ಈ ಮುದುಕಿಗೆ ಇದರ ವಿಷಯ ಗೊತ್ತು ಎಂದು ಯಾರೋ ಹೇಳಿದರು. ಅಧಿಕಾರಿ ನನ್ನತ್ತ ತಿರುಗಿ, "ಇವರನ್ನು ಕೇಳಿ, ಈ ಲಿಂಗ ಯಾವಾಗಿನಿಂದ ಇದೆ, ಯಾರದು?" ಎಂದು ಹಿಂದಿಯಲ್ಲೇ ಹೇಳಿದರು. ಅತ್ತೆಗೆ ಹಿಂದಿ ಬಾರದೆಂದು ಎಲ್ಲರಿಗೂ ಗೊತ್ತಿತ್ತು. ನಾನು ಹೈಸ್ಕೂಲು ಓದಿದವಳು, ಎಂಟು ವರ್ಷದಲ್ಲಿ ಹಿಂದಿ ಚೆನ್ನಾಗಿ ಕಲಿತಿದ್ದೆ.

ನಾನು ಅತ್ತೆಗೆ ಪ್ರಶ್ನೆ ಹೇಳಿದೆ. ಅತ್ತೆ ಸೆರಗು ಸರಿಮಾಡಿಕೊಂಡು, ಕೋರ್ಟಿನಲ್ಲಿ ನಿಂತಂತೆ ನಿಂತು, ಒಂದೊಂದೇ ಮಾತು ಬಿಡಿಸಿ ಹೇಳಿದರು. "ಇದು ನನ್ನ ಕಡೆಯುವ ಕಲ್ಲು. ನನ್ನ ಅಮ್ಮ ಕೊಟ್ಟದ್ದು. ಏಳೆಂಟು ವರ್ಷದ ಹಿಂದೆ ನಾವೇ ಇಲ್ಲಿ ತಂದು ಇಟ್ಟದ್ದು. ಗಾಡಿ ತಂದಿದ್ದೇನೆ, ಕೊಟ್ಟುಬಿಡ್ಲಿಕ್ಕೆ ಹೇಳು."

ಗುಹೆಯಲ್ಲಿ ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ನನ್ನ ಬಲಗೈ ಆಗಲೂ ನೋಯುತ್ತಿತ್ತು. ಆ ಸಾರಿಸಿದ ಮೂಲೆ ಕಣ್ಣಿಗೆ ಬಂತು. "ಇವರ ತಾಯಿಯ ಕಾಲದಿಂದ ಇರುವ ದೇವರಂತೆ ಸಾಹೇಬರೇ. ಇವರ ಮನೆದೇವರು. ಇಲ್ಲಿಂದ ಕದಲಿಸಬೇಡಿ ಎಂದು ಕೈಮುಗಿದು ಕೇಳುತ್ತಾರೆ" ಎಂದು ಹಿಂದಿಯಲ್ಲಿ ಹೇಳಿದೆ. ಸುಳ್ಳು ಇಷ್ಟು ಸಲೀಸಾಗಿ ಬರುತ್ತದೆಂದು ನನಗೇ ಗೊತ್ತಿರಲಿಲ್ಲ.

ಎರಡೂ ಭಾಷೆ ಬಲ್ಲ ಮೇಸ್ತ್ರಿ ಒಮ್ಮೆ ನನ್ನನ್ನು ನೋಡಿ ನೆಲ ನೋಡಿದ. ಅಧಿಕಾರಿ ಬರೆದುಕೊಂಡರು. ಪುರಾತನ, ವಂಶಪಾರಂಪರ್ಯ ಪೂಜೆಯಲ್ಲಿರುವುದು, ಕಬ್ಬಿಣದ ಜಾಲರಿ ಹಾಕಿಸಿ ಬೀಗ ಹಾಕಬೇಕು, ಯಾರೂ ಮುಟ್ಟಬಾರದು ಎಂದು ಓದಿ ಹೇಳಿದರು. ಸಮಿತಿಯವರು ಜೈಕಾರ ಹಾಕಿದರು. ಕೊಡುವುದಿಲ್ಲವಂತೆ ಎಂದು ನಾನು ಅತ್ತೆಗೆ ಕನ್ನಡದಲ್ಲಿ ತಿಳಿಸಿದೆ. ಅವರು ಹೂಂ ಎಂದರು. ಕಲ್ಲಿನ ಹತ್ತಿರ ಹೋಗಿ, ಗುಳಿಯ ಅಂಚಿಗೆ ಅಂಟಿದ್ದ ಹೂವಿನ ಎಸಳನ್ನು ಉಗುರಿನಿಂದ ಕೆರೆದು ತೆಗೆದು ಹೊರಗೆ ಬಂದರು.

ಗಾಡಿಯವನು ಖಾಲಿ ಗಾಡಿ ತಳ್ಳಿಕೊಂಡು ಮುಂದೆ, ನಾವಿಬ್ಬರು ಹಿಂದೆ. ಗೋಣಿಚೀಲ ಅತ್ತೆಯ ಕಂಕುಳಲ್ಲಿತ್ತು. ಚಾಳು ಕಂಡಿತು. ಅತ್ತೆ ನನ್ನ ಕಡೆ ನೋಡದೆಯೇ ಹೇಳಿದರು.

"ಹಿಂದಿ ನನಗೆ ಮಾತಾಡ್ಲಿಕ್ಕೆ ಬರುದಿಲ್ಲ, ಅಷ್ಟೆ. ಕೇಳಿದ್ರೆ ಗೊತ್ತಾಗ್ತದೆ."

ನಾಚಿಕೆಯಿಂದ ನನ್ನ ಕಾಲು ಅಲ್ಲೇ ನಿಂತಿತು. ಅವರು ನಿಲ್ಲಲಿಲ್ಲ, ನಾನು ಅವರ ಹಿಂದೆ ಓಡಬೇಕಾಯಿತು.

"ಕೈ ನೋಯ್ತದೆ ಅಂತ ನನಗೆ ಒಂದು ಮಾತು ಹೇಳಬಹುದಿತ್ತು ನೀನು. ನೀನು ಅತ್ತದ್ದು ನಾನು ನೋಡಿದ್ದೇನೆ. ನೀನೇ ಹೇಳ್ತಿ ಅಂತ ಕಾದೆ."

"ಹಾಗಾದರೆ ಅಲ್ಲಿ ಯಾಕೆ ಸುಮ್ಮನಿದ್ರಿ ಅತ್ತೆ? ಒಂದು ಮಾತು ಹೇಳಿದ್ದರೆ ಕಲ್ಲು ನಿಮಗೆ ಸಿಗ್ತಿತ್ತು."

ಅತ್ತೆ ಗೋಣಿಚೀಲವನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡರು.

"ಎಂತ ಹೇಳ್ಲಿಕ್ಕೆ? ಅಷ್ಟು ಜನರ ಎದುರು, ನನ್ನ ಸೊಸೆ ಸುಳ್ಳು ಹೇಳಿದ್ಳು ಅಂತಲಾ?"